ಗಾದಿಗಿಂತ ಎತ್ತರ

ಜೇಬಿನಲ್ಲಿದ್ದ ಉಣ್ಣೆಯ ದಾರವನ್ನು ಜಂಬಣ್ಣ ಮತ್ತೊಮ್ಮೆ ಮುಟ್ಟಿ ನೋಡಿದ. ಗಂಟು ಬಿಚ್ಚಿರಲಿಲ್ಲ. ರಾಯಚೂರಿನ ಬಸ್ಸು ಮಾನ್ವಿ ದಾಟಿತ್ತು. ಪೋತ್ನಾಳದಿಂದ ಜೊತೆಗೆ ಬಂದಿದ್ದ ಭತ್ತದ ಗದ್ದೆಗಳು ಹಿಂದೆ ಉಳಿದು, ಹತ್ತಿ ಬಿಡಿಸಿಯಾದ ಕರಿ ಹೊಲಗಳು ಶುರುವಾಗಿದ್ದವು. ದಾರದ ತುದಿಯಿಂದ ಗಂಟಿನವರೆಗೆ ಎಷ್ಟು ಉದ್ದವೋ ಅಷ್ಟೇ ಎತ್ತರ ಶರಣಯ್ಯ ಸಾವುಕಾರರ ಗಾದಿ. ನಿನ್ನೆ ಸಂಜೆ ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ, ಪೆನ್ನಿನ ಟೊಪ್ಪಿಗೆ ಬಿದ್ದಿದೆಯೆಂಬಂತೆ ಬಗ್ಗಿ, ನೆಲದಿಂದ ಗಾದಿಯ ಬಿಳಿ ಹಾಸಿನವರೆಗೆ ದಾರ ಹಿಡಿದು ಗಂಟು ಹಾಕಿಕೊಂಡಿದ್ದ. ಗಿರಣಿಯ ಹಮಾಲ ಸಾಬಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಗಂಟು ಬಿದ್ದ ಮೇಲೆ ಗೊತ್ತಾಯಿತು. "ಏನ್ರೀ ಗುಮಾಸ್ತರ, ಗಾದಿಗೆ ಅಂಗಿ ಹೊಲಸ್ತೀರೇನು?" ಎಂದಿದ್ದ ಸಾಬಣ್ಣ. ಜಂಬಣ್ಣ ನಕ್ಕುಬಿಟ್ಟಿದ್ದ. ನಗಬಾರದಿತ್ತು, ಗದರಿಸಬೇಕಾಗಿತ್ತು ಎಂದು ಈಗ ಬಸ್ಸಿನಲ್ಲಿ ಅನ್ನಿಸಿತು. ಹಮಾಲನನ್ನು ಗದರಿಸಲಾರದವನು ಈಗ ತರಲು ಹೊರಟ ಕುರ್ಚಿಯ ಮೇಲೆ ಕೂತು ಏನು ಮಾಡುತ್ತಾನೆ?

ಬೆನ್ನು ನೋಯುತ್ತಿತ್ತು. ಅದೊಂದೇ ನಿಜವಾದ ವಿಷಯ, ಉಳಿದದ್ದೆಲ್ಲ ತಲೆಯದು. ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ದಿನದಿಂದ ಅವನು ಗಾದಿಯ ಎದುರಿಗೆ ಚಾಪೆಯ ಮೇಲೆ, ಮೊಣಕಾಲೆತ್ತರದ ಓರೆ ಡೆಸ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಸಾವುಕಾರರ ತಂದೆಯ ಕಾಲದ ಗುಮಾಸ್ತರು ಮುಪ್ಪಿನವರೆಗೆ ಅಲ್ಲೇ ಕೂತಿದ್ದರಂತೆ, ಒಂದು ಸಲವೂ ಉಸ್ ಎನ್ನಲಿಲ್ಲವಂತೆ. ಜಂಬಣ್ಣನಿಗೆ ಮಧ್ಯಾಹ್ನದ ಹೊತ್ತಿಗೆ ಸೊಂಟದ ಮೇಲೆ ಯಾರೋ ಗೂಟ ಬಡಿದಂತೆ ಆಗುತ್ತಿತ್ತು. ನಾಚಿಕೆಯಾಗಿದ್ದು ನೋವಿಗಲ್ಲ. ದೇವದುರ್ಗದ ಕಡೆ ಕೃಷ್ಣಾ ದಂಡೆಯ ಹಳ್ಳಿ ಗೂಗಲ್‌ನ ಕುರುಬರ ಮನೆಯಲ್ಲಿ ಹುಟ್ಟಿದವನು ಅವನು. ಅವನ ಮನೆಯಲ್ಲಿ ಬೆನ್ನುನೋವು ಎಂಬ ಮಾತನ್ನೇ ಯಾರೂ ಆಡಿದವರಲ್ಲ. ಅಪ್ಪ ಬೂದೆಪ್ಪ ಕೋಲಿಗೆ ಗದ್ದ ಊರಿ ಒಂದೇ ಕಾಲಿನ ಮೇಲೆ ಅರ್ಧ ದಿನ ನಿಲ್ಲುತ್ತಿದ್ದ, ಉಳಿದರ್ಧ ಕುಕ್ಕುರಗಾಲಲ್ಲಿ ಕೂತು ಉಣ್ಣೆ ನೂಲುತ್ತಿದ್ದ. ಆ ಬೆನ್ನಿನ ಮಗನ ಬೆನ್ನು ಇದು. ರಾಯಚೂರಿನ ಹಾಸ್ಟೆಲ್ಲು, ಕಾಲೇಜಿನ ಬೆಂಚು, ಲೈಬ್ರರಿಯ ಕುರ್ಚಿ, ಎಲ್ಲ ಸೇರಿ ಕೆಲವೇ ವರ್ಷಗಳಲ್ಲಿ ಇದನ್ನು ಕೆಡಿಸಿದ್ದವು. ಬಿ.ಕಾಂ. ಮುಗಿದಾಗ ಕೈಗೆ ಬಂದದ್ದು ಒಂದು ಕಾಗದ ಮತ್ತು ಈ ಬೆನ್ನು.

ಹೇಳಬಾರದೆಂದುಕೊಂಡಿದ್ದರೂ ಒಂದು ದಿನ ಡೆಸ್ಕಿನ ಮುಂದಿನಿಂದ ಏಳಲಾರದೆ ಗೋಡೆ ಹಿಡಿದು ನಿಂತಾಗ ಶರಣಯ್ಯನವರು ನೋಡಿಬಿಟ್ಟರು. ದುಂಡು ಮುಖ, ಹಣೆತುಂಬ ವಿಭೂತಿ, ಗಾದಿಯ ಮೇಲೆ ಲೋಡಿಗೆ ಒರಗಿ ದಿನವಿಡೀ ಎಲೆ ಅಡಿಕೆ ಜಗಿಯುವ ಮನುಷ್ಯ. ಬಯ್ಯುವುದನ್ನೂ ನಗುವುದನ್ನೂ ಅವರು ಒಂದೇ ಧ್ವನಿಯಲ್ಲಿ ಮಾಡುತ್ತಿದ್ದುದರಿಂದ ಜಂಬಣ್ಣನಿಗೆ ಯಾವುದು ಯಾವುದೆಂದು ಇನ್ನೂ ತಿಳಿಯುತ್ತಿರಲಿಲ್ಲ. "ಹಾಸ್ಟೆಲಿನ್ಯಾಗ ನಿನಗ ಕುರ್ಚಿ ಚಟಾ ಹಚ್ಚ್ಯಾರ ನೋಡು" ಎಂದರು. "ರಾಯಚೂರಿಗೆ ಹೋಗು. ನಿನ್ನ ಬೆನ್ನಿಗೆ ಯಾವುದು ಹೊಂದ್ತದೋ ಅದನ್ನ ಹುಡುಕಿ ತಾ. ಉಳಿದದ್ದು ನಾ ನೋಡ್ಕೋತೀನಿ." ಉಳಿದದ್ದು ಏನು? ಆ ರಾತ್ರಿ ಜಂಬಣ್ಣ ಅದನ್ನೇ ಮಗ್ಗುಲು ಬದಲಿಸಿ ಬದಲಿಸಿ ಯೋಚಿಸಿದ. ಗಾದಿ ನೆಲದ ಮೇಲಿತ್ತು. ಗಿರಣಿಯ ಧಣಿ ಗೇಣಿನ ಮೇಲಿಷ್ಟು ಎತ್ತರದಲ್ಲಿ ಕೂತಿರುವಾಗ ಅವರ ಎದುರಿಗೆ ಕುರುಬರ ಹುಡುಗ ಕಾಲು ಇಳಿಬಿಟ್ಟು ಅವರ ನೆತ್ತಿ ನೋಡುತ್ತ ಲೆಕ್ಕ ಬರೆಯುವುದು! ಭತ್ತ ತಂದ ರೈತರು ಒಳಗೆ ಬಂದು ಯಾರಿಗೆ ಮೊದಲು ಶರಣಾರ್ಥಿ ಎನ್ನುತ್ತಾರೆ? ಒಂದು ಸಲ ಅವನಿಗೆ ಎಂದರೆ ಸಾಕು, ಆ ಉಳಿದದ್ದನ್ನು ಸಾವುಕಾರರು ನೋಡಿಕೊಂಡೇ ನೋಡಿಕೊಳ್ಳುತ್ತಾರೆ. ಕೆಲಸ ಹೋದರೆ ಗೂಗಲ್‌ಗೆ ಹೋಗಿ ಕುರಿ ಕಾಯಬಹುದಲ್ಲ ಎಂದುಕೊಂಡರೆ, ಈ ಬೆನ್ನು ಅದಕ್ಕೂ ಉಪಯೋಗಕ್ಕಿಲ್ಲ. ಹೀಗೆ ಹುಟ್ಟಿತು ದಾರದ ಯೋಚನೆ. ಬೆನ್ನಿಗೆ ಆಸರೆಯಾಗಬೇಕು, ಗಾದಿಗಿಂತ ಒಂದು ಕೂದಲೂ ಮೇಲಿರಬಾರದು. ಅಂಥ ಕುರ್ಚಿ ಭೂಮಿಯ ಮೇಲೆ ಎಲ್ಲೋ ಇರಲೇಬೇಕು.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಅಬ್ದುಲ್ ವಹೀದರ ಕುರ್ಚಿ ಅಂಗಡಿ ಉದ್ದಕ್ಕೆ ಗುಹೆಯಂತಿತ್ತು. ನೆಲದ ಮೇಲೆ ಜಾಗವಿಲ್ಲದೆ ಕುರ್ಚಿಗಳನ್ನು ಸೂರಿಗೆ ತಲೆಕೆಳಗಾಗಿ ನೇತು ಹಾಕಿದ್ದರು. ಬಾವಲಿಗಳು ಎಂದುಕೊಂಡ ಜಂಬಣ್ಣ. ವಹೀದರು ತೆಳ್ಳನೆಯ ಮನುಷ್ಯ, ಗಡ್ಡಕ್ಕೆ ಮೆಹಂದಿ, ಸ್ವತಃ ಅವರು ಕೂತಿದ್ದು ಮಾತ್ರ ಒಂದು ಮಕಾಡೆ ಹಾಕಿದ ಡಬ್ಬದ ಮೇಲೆ. "ಬರ್ರಿ ಸಾಬ್ರ, ಬರ್ರಿ. ಯಾರಿಗೆ ಕುರ್ಚಿ?"

"ನನಗ."

"ನಿಮಗಂತೂ ಖರೆ. ನಿಮ್ಮೊಳಗ ಯಾರಿಗೆ? ಬೆನ್ನಿಗೇನು, ಸೊಂಟಕ್ಕೇನು, ಇಜ್ಜತಿಗೇನು? ಒಂದೊಂದಕ್ಕ ಒಂದೊಂದು ಮಾಲ್ ಅದ ನನ್ನ ಹತ್ರ."

"ಬೆನ್ನಿಗೆ" ಎಂದ ಜಂಬಣ್ಣ, ಸುಳ್ಳು ಹೇಳಿದವನ ಹಾಗೆ ಬೇರೆ ಕಡೆ ನೋಡುತ್ತ.

ಮೊದಲು ಮಡಚುವ ಕಬ್ಬಿಣದ ಕುರ್ಚಿ. ಕೂತ ಕೂಡಲೇ ಅದು ಕಿರುಚಿತು, ಬೆನ್ನಿನ ಪಟ್ಟಿ ಸರಿಯಾಗಿ ನೋವಿನ ಜಾಗಕ್ಕೇ ಬಂದು ಒತ್ತಿತು. ನಾಟಕ ನೋಡಲು ಸರಿ ಎಂದು ವಹೀದರೇ ಅದನ್ನು ಕಿತ್ತುಕೊಂಡರು. ಆಮೇಲೆ ಗರಗರ ತಿರುಗುವ ಕುರ್ಚಿ, ಕೆಂಪು ರೆಕ್ಸಿನ್ನು, ಒಳಗೆ ಸ್ಪಂಜು. ಮೆತ್ತಗಿತ್ತು, ಎಷ್ಟು ಮೆತ್ತಗೆಂದರೆ ಜಂಬಣ್ಣ ಅದರೊಳಗೆ ಇಳಿದೇ ಹೋದ, ಬೆನ್ನು ಗೂನಾಯಿತು. ಒಮ್ಮೆ ತಿರುಗಿದಾಗ ಇಡೀ ಅಂಗಡಿ ಸುತ್ತಿ ಬಂದು ವಹೀದರ ಗಡ್ಡದ ಎದುರು ನಿಂತಿತು. ಇದರ ಮೇಲೆ ಕೂತು ಸಾವುಕಾರರಿಗೆ ಉತ್ತರ ಕೊಡುವಾಗ ತಪ್ಪಿ ತಿರುಗಿಬಿಟ್ಟರೆ? ಅವರಿಗೆ ಬೆನ್ನು ತೋರಿಸಿದ ಹಾಗಾಗುತ್ತದೆ. "ಬ್ಯಾಡ್ರೀ." "ಹಿಂಗ ಬರೇ ಕುಂತ್ರ ಕುರ್ಚಿ ತಿಳಿಯಂಗಿಲ್ಲ" ಎಂದು ವಹೀದರು ಎದ್ದು ನಿಂತರು. ಅವರದೊಂದು ಪದ್ಧತಿಯಿತ್ತು. ಗಿರಾಕಿ ತಾನು ದಿನಾ ಮಾಡುವ ಕೆಲಸವನ್ನು ಕುರ್ಚಿಯ ಮೇಲೆ ಕೂತು ಮಾಡಿ ತೋರಿಸಬೇಕು. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ ಎಂದ ಜಂಬಣ್ಣ. "ಬರೀರಿ ನೋಡೋಣ." ಜಂಬಣ್ಣ ಗಾಳಿಯಲ್ಲಿ ಬರೆದ. "ಹಿಂದಿನ ಕಪಾಟಿನಿಂದ ಪುಸ್ತಕ ತಗೀರಿ." ತೆಗೆದ. "ಈಗ ನೋಡ್ರಿ, ನಾ ನಿಮ್ಮ ಸೇಠ್. ಬಾಗಿಲದಾಗ ಬಂದೀನಿ, ಬಯ್ಯಾಕತ್ತೀನಿ. ಏನಲೇ, ತೌಡಿನ ಲೆಕ್ಕ ಎಲ್ಲದ?"

ಜಂಬಣ್ಣ ಧಡಕ್ಕನೆ ಎದ್ದು ನಿಂತ. ಕೈ ಕಟ್ಟಿಕೊಂಡಿದ್ದ ಕೂಡ.

ವಹೀದರು ಒಂದು ಕ್ಷಣ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಬಾಬಾ! ನಿಂದ್ರೋರಿಗೆ ನಾ ಯಾವ ಕುರ್ಚಿ ಮಾರ್ಲಿ?" ಒಳಗಿನ ಕತ್ತಲಲ್ಲಿ ರಂದಾ ಹೊಡೆಯುತ್ತಿದ್ದ ಬಡಗಿ ಲಾಲ್ ಸಾಬ್ ಕೂಡ ನಕ್ಕದ್ದು ಕೇಳಿಸಿತು. ಜಂಬಣ್ಣನ ಕಿವಿ ಬಿಸಿಯಾದವು. ವಿಚಿತ್ರವೆಂದರೆ ಅವನಿಗೂ ನಗು ಬಂತು. ಹಿಂದೊಮ್ಮೆ ಕಾಲೇಜಿನ ಲೈಬ್ರರಿಯಲ್ಲಿ ಆದದ್ದೂ ಇಂಥದೇ. ಅಪ್ಪ ಹಾಸ್ಟೆಲಿಗೆ ಬಂದವನು ಯಾರೋ ಹೇಳಿದರೆಂದು ನೇರ ಲೈಬ್ರರಿಗೇ ಬಂದಿದ್ದ, ಕಂಬಳಿ, ಕೋಲು, ಕುರಿಯ ವಾಸನೆ ಸಮೇತ. ಅಷ್ಟು ಖಾಲಿ ಕುರ್ಚಿಗಳ ನಡುವೆ ಮಗನ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕುರಗಾಲಲ್ಲಿ ಕೂತ. ಮೇಲೆ ಕೂತು ಕೆಳಗಿನ ಅಪ್ಪನ ಜೊತೆ ಮಾತಾಡುವುದು ಹೇಗೆಂದು ಹೊಳೆಯದೆ ಜಂಬಣ್ಣ ಜಾರಿ ಜಾರಿ ತಾನೂ ನೆಲಕ್ಕೆ ಇಳಿದ. ಮೇಜಿನ ಕೆಳಗೆ ಇಬ್ಬರೂ ಕೂತು ಊರಿನ ಸುದ್ದಿ ಮಾತಾಡುತ್ತಿದ್ದಾಗ ಲೈಬ್ರರಿಯನ್ನು ನೋಡಿಕೊಳ್ಳುವವರು ಬಂದು, "ಏನು ಬಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಬಗ್ಗಿ ಹುಡುಕತೊಡಗಿದ್ದರು. ಅಪ್ಪನೂ ಹುಡುಕಿದ. ಸಿಕ್ಕಿದ್ದು ಯಾರದೋ ಪೆನ್ಸಿಲ್ಲು.

ನಾಲ್ಕನೆಯದೋ ಐದನೆಯದೋ ಕುರ್ಚಿಯನ್ನು ವಹೀದರು ಸೂರಿನಿಂದ ಇಳಿಸಿದರು. ಸಾಗವಾನಿ, ಬೆತ್ತದ ಹೆಣಿಗೆ, ಕೈಗಳಿಲ್ಲ. ನೋಡಲು ಏನೂ ಇರಲಿಲ್ಲ. ಕೂತ. ಬೆನ್ನಿನ ಬೆತ್ತ ಸ್ವಲ್ಪ ಬಗ್ಗಿ, ಅವನ ಬೆನ್ನಿನ ಬಾಗು ಎಲ್ಲಿದೆಯೆಂದು ಹುಡುಕಿ, ಅಲ್ಲಿ ನಿಂತಿತು. ಹಿಂದಿನಿಂದ ಯಾರೋ ಅಂಗೈ ಚಾಚಿ ಆನಿಸಿದ ಹಾಗೆ. ಅಂಗೈ ಯಾರದೆಂದು ಅವನಿಗೆ ತಕ್ಷಣ ಗೊತ್ತಾಯಿತು. ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂಡಿನ ಹಿಂದೆ ಹೊಳೆ ದಾಟುತ್ತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹಿಂದಕ್ಕೆ ಬಂದು ಮಗನ ಬೆನ್ನಿಗೆ. ಕೆಳಗೆ ನೀರು ಬಿಸಿಲಿಗೆ ಚಕಚಕ ಹೊಳೆಯುತ್ತ ಜಾರುತ್ತಿತ್ತು, ಎದುರಿಗೆ ಅಪ್ಪನ ರುಮಾಲು ದೊಡ್ಡ ಬಿಳಿ ಗೂಡಿನಂತೆ. ರುಮಾಲಿನ ಮಡಿಕೆಯಲ್ಲಿ ಬೀಡಿ ಸಿಕ್ಕಿಸಿರುತ್ತಿತ್ತು. ಕೈ ಖಾಲಿಯಿಲ್ಲದ ಅಪ್ಪ, "ಬೀಡಿ ಕೊಡಲೇ" ಎಂದರೆ ಹುಡುಗ ಅದನ್ನು ಎಳೆದು ಮುಂದೆ ಬಗ್ಗಿ ಬಾಯಿಗೆ ಇಡಬೇಕು. ಅದೊಂದು ನೌಕರಿಯೇ ಆಗಿತ್ತು. ಈಗ ಕುರ್ಚಿಯಲ್ಲಿ ಕೂತವನು ಕಣ್ಣು ತೆರೆದರೆ ಎದುರಿಗೆ ಡಬ್ಬದ ಮೇಲೆ ಕೂತ ವಹೀದರ ಟೋಪಿಯ ನೆತ್ತಿ ಕಾಣುತ್ತಿತ್ತು. ಹೀಗೆಯೇ ಕಾಣುತ್ತದೆ ಎಂದುಕೊಂಡ, ಸಾವುಕಾರರ ಬೋಳು ನೆತ್ತಿ. ಅಲ್ಲ. ಅವನನ್ನು ಕಾಡುತ್ತಿದ್ದದ್ದು ಸಾವುಕಾರರ ನೆತ್ತಿಯಲ್ಲ. ಈ ವರ್ಷ ಅಪ್ಪನ ಹಿಂಡು ಶರಣಯ್ಯನವರ ಗದ್ದೆಯಲ್ಲೇ ಬೀಡು ಬಿಟ್ಟಿತ್ತು. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ಗೊಬ್ಬರ ಮಾಡಿಸಿಕೊಳ್ಳುವುದು ಅಲ್ಲಿಯ ರೂಢಿ. ಅಪ್ಪ ದಿನಾ ಗಿರಣಿಗೆ ಬರುತ್ತಿದ್ದ. ಒಳಗೆ ಬೆಂಕಿ ಕೂಡದೆಂದು ಬೀಡಿಯನ್ನು ಹಚ್ಚದೆ ರುಮಾಲಿಗೆ ಸಿಕ್ಕಿಸಿಕೊಂಡು, ಹೊಸ್ತಿಲ ಪಕ್ಕ ಕುಕ್ಕುರಗಾಲಲ್ಲಿ ಕೂರುತ್ತಿದ್ದ. ಚಾಪೆಯ ಮೇಲಿನ ಮಗನೂ ಹೊಸ್ತಿಲಲ್ಲಿನ ಅಪ್ಪನೂ ಒಂದೇ ನೆಲ. ನಾಳೆಯಿಂದ ಅಪ್ಪ ಅಲ್ಲಿ, ಇವನು ಇಲ್ಲಿ, ಕಾಲು ಅಲ್ಲಾಡಿಸುತ್ತ. ಲೈಬ್ರರಿಯಲ್ಲಾದರೆ ಜಾರಿ ಇಳಿಯಬಹುದಿತ್ತು. ಗಿರಣಿಯಲ್ಲಿ ದಿನಕ್ಕೊಮ್ಮೆ ಜಾರಿ ಇಳಿಯಲಾದೀತೇ?

"ಇದೇ" ಎಂದ ಜಂಬಣ್ಣ. "ಆದ್ರ ಕಾಲು ಕಡೀಬೇಕು."

"ಯಾರ ಕಾಲು?"

ಜೇಬಿನಿಂದ ದಾರ ತೆಗೆದು ಕುರ್ಚಿಯ ಕಾಲಿಗೆ ಹಿಡಿದು ತೋರಿಸಿದ. ಗಂಟು ಮೊಣಕಾಲಿಗಿಂತ ಎಷ್ಟೋ ಕೆಳಗೆ ಬಂತು. ವಹೀದರು ದಾರ ನೋಡಿದರು, ಅವನ ಮುಖ ನೋಡಿದರು. "ಸಾಬ್ರ, ಇಷ್ಟು ವರ್ಷ ಕುರ್ಚಿ ಮಾರೀನಿ. ಕಾಲು ಮುರದದ ಅಂತ ತಂದಾರ. ಕಾಲು ಮುರೀರಿ ಅಂತ ಯಾರೂ ಬಂದಿಲ್ಲ. ಮನ್ಯಾಗ ಹೇಳಿ ಬಂದೀರೇನು?"

"ಬೆನ್ನಿಗೆ ಇದೇ ಛಲೋ ಅದರೀ. ಎತ್ತರ ಮಾತ್ರ ಬ್ಯಾಡ."

"ಎತ್ತರ ನಿಮ್ಮನ್ನೇನು ಕಚ್ಚತದ?" ಎಂದರು ವಹೀದರು. ಆಮೇಲೆ ಕೈ ಚೆಲ್ಲಿ, "ಲಾಲೂ, ಗರಗಸ ತಾ. ಸಾಬ್ರಿಗೆ ನೆಲದ ಮ್ಯಾಲ ಪ್ರೀತಿ ಬಂದದ" ಎಂದು ಕೂಗಿದರು. ಗರಗಸ ಸಾಗವಾನಿಯೊಳಗೆ ಇಳಿಯುವಾಗ ಜಂಬಣ್ಣ ಹೊರಗೆ ಹೋಗಿ ನಿಂತ. ಸುನ್ನತಿಯ ಮನೆಯಲ್ಲಿ ಅಪ್ಪ ಹೊರಗೆ ನಿಂತ ಹಾಗೆ ನಿಂತೀರಲ್ಲ ಎಂದು ವಹೀದರು ಒಳಗಿನಿಂದಲೇ ನಕ್ಕರು. ಕಡಿದ ನಾಲ್ಕು ತುಂಡುಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಟ್ಟರು. "ಇಟಗೋರಿ. ಮುಂದ ನೀವು ದೊಡ್ಡವರಾದ ಮ್ಯಾಲ ಬೇಕಾಗ್ತಾವ."

ಹಿಂದಿರುಗುವಾಗ ಬಸ್ಸಿನ ಟಾಪಿನ ಮೇಲೆ ಒಣ ಮೆಣಸಿನಕಾಯಿ ಚೀಲಗಳಿದ್ದವು, ಕುರ್ಚಿಗೆ ಜಾಗವಿರಲಿಲ್ಲ. ಕಂಡಕ್ಟರು ಅದನ್ನು ನಡುದಾರಿಯಲ್ಲಿ ಇಡಿಸಿದ. ಕುಳ್ಳ ಕುರ್ಚಿ ನಾಯಿಯ ಹಾಗೆ ಜಂಬಣ್ಣನ ಕಾಲ ಬಳಿ ಕೂತಿತು. ಪೋತ್ನಾಳದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವ ದುರುಗಮ್ಮ ಅದೇ ಬಸ್ಸಿನಲ್ಲಿದ್ದಳು. ಸೀಟು ಸಿಗದೆ ಕಲ್ಲೂರಿನವರೆಗೆ ನಿಂತು, ಆಮೇಲೆ ಕೇಳದೆಯೇ ಕುರ್ಚಿಯ ಮೇಲೆ ಕೂತುಬಿಟ್ಟಳು. "ಯಪ್ಪಾ, ಎಷ್ಟು ಛಲೋ ಅದಲೋ ತಮ್ಮಾ! ಒಲಿ ಮುಂದ ಕುಂದ್ರಾಕಂತ ಮಾಡಿದಂಗ ಅದ. ಯಾವ ಪುಣ್ಯಾತ್ಮ ಮಾಡ್ಯಾನ? ನಿಮ್ಮ ಮದಿವಿ ಆತೇನು? ಹೆಂಡತಿಗೆ ರೊಟ್ಟಿ ಬಡಿಯಾಕ ಒಯ್ಯಾಕತ್ತೀರೇನು?"

"ಆಫೀಸಿಗೆ" ಎಂದ ಜಂಬಣ್ಣ.

ದುರುಗಮ್ಮ ನಗಲಿಲ್ಲ. ಕುರ್ಚಿಯನ್ನೂ ಅವನನ್ನೂ ಮರುಕದಿಂದ ನೋಡಿ, "ನಿಮ್ಮ ಆಫೀಸಿನ್ಯಾಗ ರೊಟ್ಟಿ ಬಡೀತಾರೇನು?" ಎಂದು ಕೇಳಿದಳು. ಸುತ್ತಲಿನವರು ನಕ್ಕರು. ಒಬ್ಬ ಮುದುಕ ಇದು ಹಜಾಮನ ಕುರ್ಚಿ ಎಂದು ವಾದಿಸಿದ, ಇನ್ನೊಬ್ಬ ಬಾಣಂತಿಗೆ ನೀರು ಹಾಕುವಾಗ ಬೇಕಾಗುತ್ತದೆ ಎಂದ. ಮಾನ್ವಿ ಬರುವವರೆಗೆ ಇಡೀ ಬಸ್ಸು ಕುರ್ಚಿಗೆ ಕೆಲಸ ಹುಡುಕಿಕೊಟ್ಟಿತು. ಜಂಬಣ್ಣ ಕಿಟಕಿಯ ಹೊರಗೆ ನೋಡುತ್ತ, ತಾನು ಕೇಡಿಲ್ಲದ ಮನುಷ್ಯರ ನಡುವೆ ಇದ್ದೇನೆ, ಆದರೂ ಬೆವರುತ್ತಿದ್ದೇನೆ ಎಂದುಕೊಂಡ. ಇದಕ್ಕಿಂತ ಆ ಚಾಪೆಯೇ ಮೇಲಿತ್ತು. ಚಾಪೆಯ ಮೇಲಿದ್ದಾಗ ಬೆನ್ನು ಮಾತ್ರ ನೋಯುತ್ತಿತ್ತು. ಪೋತ್ನಾಳದಲ್ಲಿ ಇಳಿಯುವಾಗ ದುರುಗಮ್ಮ ಕುರ್ಚಿಯ ಬೆನ್ನು ತಟ್ಟಿ, "ಬ್ಯಾಸರಾದ್ರ ನನಗ ಕೊಡ್ರಿ. ದಿನಾ ಮಿರ್ಚಿ ಪುಕಟ" ಎಂದಳು.

ಗಿರಣಿ ನಡೆಯುತ್ತಿತ್ತು. ಬೆಲ್ಟಿನ ಸದ್ದು, ಹಾರುವ ಹೊಟ್ಟು, ತೌಡಿನ ಸಿಹಿ ವಾಸನೆ. ಜಂಬಣ್ಣ ಕುರ್ಚಿಯನ್ನು ಎದೆಗೆ ಆನಿಸಿಕೊಂಡು ಕಚೇರಿಯ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಗಾದಿಯ ಎದುರಿಗೆ ಚಾಪೆ ಇರಲಿಲ್ಲ. ಓರೆ ಡೆಸ್ಕೂ ಇರಲಿಲ್ಲ. ಆ ಜಾಗದಲ್ಲಿ ಹಳೆಯ ಕಾಲದ ಒಂದು ಭಾರಿ ಮೇಜು ನಿಂತಿತ್ತು, ಆನೆಯಂಥ ಕಾಲು, ಮೇಲೆ ಹಸಿರು ಬಟ್ಟೆ. "ಬಂದೇನು? ಬಾ ಬಾ" ಎಂದರು ಶರಣಯ್ಯನವರು ಗಾದಿಯಿಂದಲೇ. "ಹೇಳಿದ್ದೆನಲ್ಲ, ಉಳಿದದ್ದು ನಾ ನೋಡ್ಕೋತೀನಿ ಅಂತ. ಮಾನ್ವಿಯಿಂದ ತರಿಸೀನಿ. ಹೊರಾಕ ಮಂದಿ ಸಾಲಲಿಲ್ಲ." ಹೊಸ್ತಿಲ ಪಕ್ಕ ಬೂದೆಪ್ಪ ಎಂದಿನಂತೆ ಕುಕ್ಕುರಗಾಲಲ್ಲಿ ಕೂತಿದ್ದ, ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಿತ್ತು, ರುಮಾಲಿನಲ್ಲಿ ಹಚ್ಚದ ಬೀಡಿ. ಅವನು ಮಗನ ಕೈಯಲ್ಲಿದ್ದುದನ್ನು ನೋಡಿ ಕದಿರು ನಿಲ್ಲಿಸಿದ.

ಉಳಿದದ್ದು ಎಂದರೆ ಮೇಜು. ಜಂಬಣ್ಣನಿಗೆ ಹಗುರವಾಯಿತು, ಆಮೇಲೆ ಕೈಯಲ್ಲಿದ್ದ ಕುರ್ಚಿಯ ಮೊಂಡು ಕಾಲುಗಳತ್ತ ಕಣ್ಣು ಹೋಯಿತು. ಈಗ ಏನಾದರೂ ಹೇಳಬಹುದಿತ್ತು. ಅಂಗಡಿಯವ ಮೋಸ ಮಾಡಿದ, ತಪ್ಪು ಕುರ್ಚಿ ಬಂತು, ನಾಳೆ ಬದಲಿಸಿ ತರುತ್ತೇನೆ. ಅದರ ಬದಲು ಅವನು ಮೇಜಿನ ಹಿಂದೆ ಹೋಗಿ ಕುರ್ಚಿ ಇಟ್ಟು ಕೂತುಬಿಟ್ಟ. ಬೆತ್ತ ಬೆನ್ನಿನ ಬಾಗನ್ನು ಹುಡುಕಿ ಹಿಡಿಯಿತು. ಎಂಥ ಆರಾಮು! ಎದುರಿಗೆ ಮಾತ್ರ ಹಸಿರು ಬಟ್ಟೆಯ ಅಂಚು ಗದ್ದದ ಕೆಳಗೆ ಬಂದಿತ್ತು. ಹೊಳೆಯಲ್ಲಿ ಕೊರಳವರೆಗೆ ಇಳಿದವನಿಗೆ ಆಚೆ ದಡ ಕಂಡ ಹಾಗೆ ಮೇಜಿನ ಆಚೆ ತುದಿ ಕಾಣುತ್ತಿತ್ತು. ಬರೆಯಬೇಕೆಂದರೆ ಕೈಗಳನ್ನು ಮೇಲೆತ್ತಿ ಗೋಡೆ ಹತ್ತುವವನ ಹಾಗೆ ಮೇಜಿನ ಮೇಲೆ ಇಡಬೇಕು. ಇಟ್ಟ.

ಶರಣಯ್ಯನವರು ಜಗಿಯುವುದನ್ನು ನಿಲ್ಲಿಸಿದರು. "ಸಾಬಣ್ಣಾ" ಎಂದು ಕೂಗಿದರು. "ನಮ್ಮ ಗುಮಾಸ್ತ ಎಲ್ಲಿ ಹೋದ?"

ಚೀಲ ಹೊತ್ತು ಹೋಗುತ್ತಿದ್ದ ಸಾಬಣ್ಣ ಬಾಗಿಲಲ್ಲಿ ಇಣುಕಿದ. "ತಲಿ ಮೇಜಿನ ಮ್ಯಾಲ ಇಟ್ಟು ಎಲ್ಲೋ ಹೊರಗ ಹೋಗ್ಯಾರ್ರೀ ಸಾವ್ಕಾರ್ರ."

ಆಮೇಲೆ ನಗು ಶುರುವಾಯಿತು. ಶರಣಯ್ಯನವರ ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಜಂಬಣ್ಣ ತಲೆಯೊಂದನ್ನೇ ಮೇಜಿನ ಮೇಲಿಟ್ಟುಕೊಂಡು, ಅದನ್ನೂ ಕೆಳಗೆಳೆದುಕೊಂಡರೆ ಹೇಗೆ ಎಂದು ಯೋಚಿಸುತ್ತಿದ್ದ. "ಅಲ್ಲೋ" ಎಂದರು ಸಾವುಕಾರರು ಕಣ್ಣೊರೆಸಿಕೊಂಡು, "ರಾಯಚೂರಿನ್ಯಾಗ ದೊಡ್ಡ ಮಂದಿಗೆ ಕುರ್ಚಿ ಮಾಡೂದು ಬಿಟ್ಟಾರೇನು?"

"ನಾನ ಕಡಿಸೀನ್ರೀ."

"ಯಾಕ?"

ದಾರವನ್ನು ತೆಗೆದು ಮೇಜಿನ ಮೇಲೆ ಇಟ್ಟ. "ಗಾದಿ ಅಳತಿರೀ. ನೀವು ಕೆಳಗ, ನಾ ಮ್ಯಾಲ ಆದ್ರ ಛಲೋ ಕಾಣಂಗಿಲ್ಲ ಅಂತ..."

ಬೈಗುಳ ಬರುತ್ತದೆ ಎಂದುಕೊಂಡ. ಬಂತು, ಆದರೆ ಅವನು ಎಣಿಸಿದ್ದು ಬರಲಿಲ್ಲ. "ಹುಚ್ಚ ಖೋಡಿ! ನಾ ನಿನ್ನ ಮ್ಯಾಲ ಕುಂದ್ರಸಾಕತ್ತಿದ್ದು ಯಾತಕ್ಕ ಅಂತ ತಿಳದಿ? ನಿನ್ನ ಮೆರಸಾಕಲ್ಲ. ಆ ತೆರಿಗಿ ಸಾಹೇಬ ಬರ್ತಾನ, ಪ್ಯಾಂಟು ಹಾಕ್ಕೊಂಡು ನೆಲಕ್ಕ ಕುಂದ್ರಾಕ ಬರಂಗಿಲ್ಲ, ನಿಂತು ನಿಂತು ಸಿಟ್ಟು ಬಂದು ನನ್ನ ನೆತ್ತಿ ಮ್ಯಾಲ ಒದರತಾನ. ತೂಕ ಕಮ್ಮಿ ಅಂತ ರೈತ ಬರ್ತಾನ, ಅವನೂ ನನ್ನ ಮುಂದನ. ಈಗ ಮೇಜು ಕುರ್ಚಿ ಬಂದ್ರ ಒಳಗ ಬಂದಾವ್ರು ಮೊದಲು ಯಾರ್ನ ನೋಡ್ತಾರ? ನಿನ್ನ. ಎತ್ತರದಾಗ ಇದ್ದಾಂವಗ ಬೈಗಳ ಮೊದಲು ಮುಟ್ತದ. ನಾ ಇಲ್ಲಿ ಲೋಡಿಗೆ ಒರಗಿ ಆರಾಮ ಇರ್ತೀನಿ. ನೀ ಅಡಗಿ ಕುಂತ್ರ ಮತ್ತ ನನಗ ಬರ್ತದಲ್ಲೋ!"

ಇಷ್ಟೇ. ಎರಡು ರಾತ್ರಿ ನಿದ್ದೆಗೆಟ್ಟು ಕಾಪಾಡಿದ ಮಾನ, ಆ ಮನುಷ್ಯನಿಗೆ ಬೇಡವಾಗಿತ್ತು. ಜಂಬಣ್ಣನಿಗೆ ಸಾವುಕಾರರ ಮೇಲೆ ಸ್ವಲ್ಪ ಸಿಟ್ಟೇ ಬಂತು. ಆದರೆ ಹೊಸ್ತಿಲಲ್ಲಿದ್ದವನ ಕಡೆ ನೋಡಲು ಇನ್ನೂ ಧೈರ್ಯವಿರಲಿಲ್ಲ. ಬೂದೆಪ್ಪ ಎದ್ದು ಬಂದಿದ್ದ. ಮೇಜಿನ ಈಚೆ ಬಂದು ಮಗನ ಕಾಲ ಬಳಿಯ ಚೀಲದಲ್ಲಿ ಕೈಯಾಡಿಸಿ ಸಾಗವಾನಿಯ ತುಂಡುಗಳನ್ನು ತೆಗೆದ, ಒಂದನ್ನು ಇನ್ನೊಂದಕ್ಕೆ ಬಡಿದು ಸದ್ದು ಕೇಳಿದ. "ಛಲೋ ಕಟಗಿ. ಕುರಿ ಹಟ್ಟಿ ಸುತ್ತ ಕಟ್ಟೂ ಬಲೆಗೆ ಗೂಟ ಆಗ್ತಾವ" ಎಂದು ಕಂಬಳಿಯೊಳಗೆ ಹಾಕಿಕೊಂಡ. ಆಮೇಲೆ ಮಗನನ್ನು ನೋಡಿದ. "ಸಾವ್ಕಾರ್ರ ಸಲುವಾಗಿ ಕಡಿಸಿಯೋ, ನನ್ನ ಸಲುವಾಗಿಯೋ?"

 ಹಸಿರು ಬಟ್ಟೆಯ ಮೇಲೆ ಯಾವ ಕಾಲದ್ದೋ ಒಂದು ಮಸಿಯ ಕಲೆ ಇತ್ತು, ಜಂಬಣ್ಣ ಅದನ್ನೇ ನೋಡಿದ.

"ಕೇಳ್ರಿ ಸಾವ್ಕಾರ್ರ, ಈ ಹುಡುಗನ ಶಾಣ್ಯಾತನ" ಎಂದ ಬೂದೆಪ್ಪ. "ನನ್ನ ಹೆಗಲ ಮ್ಯಾಲ ಕುಂತು ರುಮಾಲ ತೋಯೂ ಹಂಗ ಉಚ್ಚಿ ಹೊಯ್ದಾನ. ನಡು ಹೊಳ್ಯಾಗ. ಆವಾಗ ನಾಚಿಕಿ ಬರಲಿಲ್ಲ. ಈಗ ಕುರ್ಚಿ ಮ್ಯಾಲ ಕುಂದ್ರಾಕ ನಾಚಿಕಿ ಬಂದದಂತ."

ಸಾಬಣ್ಣ ಚೀಲ ಇಳಿಸಿಯೇ ನಕ್ಕ. ಜಂಬಣ್ಣನಿಗೂ ತಡೆಯಲಾಗಲಿಲ್ಲ, ತಲೆಯೊಂದೇ ಮೇಜಿನ ಮೇಲೆ ನಗುತ್ತಿರುವುದು ಹೇಗೆ ಕಾಣುತ್ತಿದೆಯೋ ಎಂದು ಹೊಳೆದು ಇನ್ನಷ್ಟು ನಗು ಬಂತು. "ಈಗ ಕುರ್ಚಿ ಏನು ಮಾಡ್ತಿ?" ಎಂದರು ಶರಣಯ್ಯನವರು. ದುರುಗಮ್ಮನ ಮಿರ್ಚಿ ನೆನಪಾಯಿತು. ಆದರೆ ಬೆನ್ನು ಬೇಡವೆಂದಿತು. "ಇದನ್ನ ಬಿಡಂಗಿಲ್ಲರೀ" ಎಂದುಬಿಟ್ಟ ಜಂಬಣ್ಣ. "ಬೆನ್ನಿಗೆ ಭಾಳ ಛಲೋ ಅದ." ತಾನು ಬೇಕು ಎಂದು ಕೇಳಿದ್ದು ಕಿವಿಗೆ ಬಿದ್ದು ಅವನಿಗೇ ಆಶ್ಚರ್ಯವಾಯಿತು.

ಹೊಸ ಗೋದಾಮಿನ ನೆಲಕ್ಕೆ ಹಾಸಲು ತಂದು ಉಳಿದಿದ್ದ ಪರಸಿ ಕಲ್ಲುಗಳು ಗೋಡೆಗೆ ಒರಗಿ ನಿಂತಿದ್ದವು. ಅವನ್ನು ಕುರ್ಚಿಯ ಕೆಳಗೆ ಪೇರಿಸುವ ಯೋಚನೆ ಯಾರದೆಂದು ಆಮೇಲೆ ಎಲ್ಲರೂ ತಮ್ಮದೆಂದರು. ಜಂಬಣ್ಣ ಏಳಹೋದ. "ಕುಂದ್ರಲೇ" ಎಂದ ಅಪ್ಪ. "ಎದ್ರ ಎಷ್ಟು ಎತ್ತರ ಬೇಕಂತ ಹೆಂಗ ತಿಳೀಬೇಕು?" ಒಂದು ಕಡೆ ಬೂದೆಪ್ಪ, ಇನ್ನೊಂದು ಕಡೆ ಸಾಬಣ್ಣ, ಕುರ್ಚಿಯನ್ನು ಅದರೊಳಗಿನ ಗುಮಾಸ್ತನ ಸಮೇತ ಎತ್ತಿದರು. ಕಲ್ಲು ಜೋಡಿಸಲು ಮೂರನೆಯವರಿರಲಿಲ್ಲ. ಶರಣಯ್ಯನವರೇ ಏದುಸಿರು ಬಿಡುತ್ತ ಗಾದಿಯಿಂದ ಇಳಿದು, ಧೋತರ ಮೇಲೆ ಕಟ್ಟಿ, ಮೇಜಿನ ಹಿಂದೆ ಬಂದು ಬಗ್ಗಿದರು. ಜಂಬಣ್ಣ ಗಾಳಿಯಲ್ಲಿ ಸ್ವಲ್ಪ ಓಲಾಡಿದ. ಬೆತ್ತದ ಅಂಗೈ ಬೆನ್ನಿಗಿತ್ತು. ಕೆಳಗೆ ಸಾವುಕಾರರ ಬೋಳು ನೆತ್ತಿ ಬೆವರಿ ಹೊಳೆಯುತ್ತಿತ್ತು. ಪಕ್ಕದಲ್ಲಿ, ಕೈಗೆಟುಕುವ ಹಾಗೆ, ಅಪ್ಪನ ರುಮಾಲು. ಮಾಸಿತ್ತು, ಒಂದು ಕಡೆ ಹರಿದು ಹೊಲಿದಿತ್ತು, ಮೇಲಿನಿಂದ ನೋಡಿದರೆ ಹಳೆಯ ಗೂಡಿನಂತೆಯೇ ಇತ್ತು.

"ಜಂಬ್ಯಾ" ಎಂದ ಅಪ್ಪ, ಭಾರಕ್ಕೆ ಹಲ್ಲು ಕಚ್ಚಿ. "ಕೈ ಖಾಲಿ ಇಲ್ಲ. ಬೀಡಿ ಕೊಡು."

ಜಂಬಣ್ಣ ಕೈಚಾಚಿ ಮಡಿಕೆಯಿಂದ ಬೀಡಿ ಎಳೆದು, ಮುಂದೆ ಬಗ್ಗಿ, ಅಪ್ಪನ ಬಾಯಿಗೆ ಇಟ್ಟ.

"ಏ! ಗಿರಣ್ಯಾಗ ಬೀಡಿ ಬ್ಯಾಡ!" ಎಂದರು ಸಾವುಕಾರರು ಕುರ್ಚಿಯ ಕೆಳಗಿನಿಂದ.

"ಹಚ್ಚಂಗಿಲ್ಲ ಬಿಡ್ರಿ. ಬಾಯಾಗ ಇದ್ರ ಎತ್ತಾಕ ಬಲ ಬರ್ತದ."

ಕುರ್ಚಿ ಕಲ್ಲಿನ ಮೇಲೆ ಇಳಿಯಿತು. ಸಾಬಣ್ಣ ಅಲುಗಾಡಿಸಿ ನೋಡಿದ, ಭದ್ರವಾಗಿತ್ತು. ಸಾವುಕಾರರು ಮಂಡಿಯ ಮೇಲೆ ಕೈಯೂರಿ ಕೂತಲ್ಲಿಂದಲೇ ಕತ್ತೆತ್ತಿ, "ಸಾಕೇನೋ?" ಎಂದು ಕೇಳಿದರು. ಜಂಬಣ್ಣ ಮೇಜಿನ ಮೇಲೆ ಮೊಣಕೈ ಇಟ್ಟು ಬರೆಯುವವನಂತೆ ಮಾಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೂವರೂ ಕೆಳಗೆ ನಿಂತು, ಕೂತು, ಅವನ ಬಾಯನ್ನೇ ನೋಡುತ್ತಿದ್ದರು.

"ಇನ್ನೊಂದು ಕಲ್ಲು ಹಾಕ್ರಿ" ಎಂದ.